ಅಂಗೈಯ ಬಿಸಿ

ಆ ಯಂತ್ರಕ್ಕೆ ಸರ್ಕಾರ ಇಟ್ಟ ಹೆಸರು 'ರೋಗನಿರೋಧಕ ಸ್ಮೃತಿಮಾಪಕ'. ಹೆಸರಿಟ್ಟ ಪುಣ್ಯಾತ್ಮ ಅದನ್ನು ಒಂದು ಸಲವಾದರೂ ಬಾಯಿಬಿಟ್ಟು ಹೇಳಿ ನೋಡಿರಲಿಕ್ಕಿಲ್ಲ. ನವನಗರದ ಹೆಂಗಸರು 'ನೆನಪಿನ ಪೆಟ್ಟಿಗೆ' ಎಂದರು, ಅದೇ ನಿಂತಿತು. ನೋಡಲಿಕ್ಕೆ ಹೊಲಿಗೆ ಯಂತ್ರದಷ್ಟು ದೊಡ್ಡದು. ಒಂದು ಬದಿಗೆ ರಕ್ತದ ನಳಿಕೆ ಇಡುವ ತಣ್ಣನೆಯ ಗೂಡು, ಇನ್ನೊಂದು ಬದಿಗೆ ನೆಟ್ಟಗೆ ನಿಂತ ಗಾಜಿನ ಪಟ್ಟಿ. ಗೂಡಿನೊಳಗೆ ರಕ್ತದ ಬಿಳಿ ಕಣಗಳಿಗೆ ಉಗುರುಜಡ್ಡಿನ ವೈರಾಣುವಿನ ಒಂದು ಸತ್ತ ತುಣುಕನ್ನು ತೋರಿಸುತ್ತಾರೆ. ಹಿಂದೆ ಆ ವೈರಾಣುವಿನೊಡನೆ ಬಡಿದಾಡಿದ ಕಣಗಳಿದ್ದರೆ ಗುರುತು ಹಿಡಿದು ಎದ್ದು ಕೂರುತ್ತವೆ. ಎಷ್ಟು ಕಣ ಎದ್ದವೋ ಅಷ್ಟು ಎತ್ತರಕ್ಕೆ ಪಟ್ಟಿಯಲ್ಲಿ ಹಸಿರು ಏರುತ್ತದೆ. ನಡುವೆ ಒಂದು ಕೆಂಪು ಗೆರೆ. ಹಸಿರು ಗೆರೆ ದಾಟಿದರೆ ಮೈಗೆ ನೆನಪಿದೆ ಎಂದರ್ಥ, ದಾಟದಿದ್ದರೆ ಮರೆತಿದೆ ಎಂದರ್ಥ.

ಮೈಗೂ ನೆನಪಿರುತ್ತದೆ ಎಂಬುದು ಹೊಸ ಮಾತೇನಲ್ಲ. ದಡಾರ ಒಮ್ಮೆ ಬಂದು ಹೋದವರ ಮೈಗೆ ಅದು ಮತ್ತೆ ಬರುವುದಿಲ್ಲ ಎಂಬುದು ಯಂತ್ರ ಬರುವ ಎಷ್ಟೋ ಮೊದಲೇ ಅಜ್ಜಿಯಂದಿರಿಗೆ ಗೊತ್ತಿತ್ತು. ಜಡ್ಡು ಬಿಟ್ಟ ಮೇಲೆ ಹೋರಾಡಿದ ಕಣಗಳಲ್ಲಿ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ಎಲುಬಿನ ಒಳಗಿನ ಮಜ್ಜೆಯಲ್ಲಿ ಉಳಿದುಕೊಂಡು ವರ್ಷಗಟ್ಟಲೆ ದಾರಿ ಕಾಯುತ್ತವೆ. ಕೆಲವರ ಮೈಯಲ್ಲಿ ಸಾಯುವತನಕ ಉಳಿಯುತ್ತವೆ, ಕೆಲವರಲ್ಲಿ ಒಂದೊಂದಾಗಿ ಉದುರಿಹೋಗುತ್ತವೆ. ಯಾರಲ್ಲಿ ಉಳಿಯುತ್ತವೆ, ಯಾರಲ್ಲಿ ಉದುರುತ್ತವೆ ಎಂದು ಮುಖ ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ ಪೆಟ್ಟಿಗೆ.

ನವನಗರದ ಸ್ಮೃತಿ ಕೇಂದ್ರದಲ್ಲಿ ಆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದವಳು ದಾಕ್ಷಾಯಣಿ. ಅವಳಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಉಗುರುಜಡ್ಡು ಮೊದಲ ಸಲ ಬಂದಿತ್ತು. ಉಗುರು ನೀಲಿಗಟ್ಟುವುದು, ಜ್ವರ ನೆತ್ತಿಗೇರುವುದು, ಉಸಿರು ಕಟ್ಟುವುದು. ಬಂದವರಲ್ಲಿ ಮೂರರಲ್ಲೊಂದು ಪಾಲು ಹೋದರು. ಅವಳ ಅಪ್ಪ ಅವ್ವ ಇಬ್ಬರೂ ಹೋದರು. ಸೋದರತ್ತೆ ಕಾಶವ್ವನಿಗೂ ಜಡ್ಡು ಬಂತು, ಅವಳ ಗಂಡನಿಗೂ ಬಂತು. ಗಂಡ ಹೋದ, ಕಾಶವ್ವ ಎದ್ದು ಕೂತಳು. ಎದ್ದವಳು ತನ್ನ ಮಗನ ಜೊತೆಗೆ ಅಣ್ಣನ ಮಗಳನ್ನೂ ಮನೆಗೆ ತಂದು ಸಾಕಿದಳು. ಮುಂದೆ ಅದೇ ಮಗ ಮಲ್ಲೇಶಿಗೆ ಅದೇ ದಾಕ್ಷಾಯಣಿಯನ್ನು ತಂದುಕೊಂಡಳು. ಹಾಗಾಗಿ ಕಾಶವ್ವ ಅವಳಿಗೆ ಅತ್ತೆಯೂ ಹೌದು, ತಾಯಿಯೂ ಹೌದು.

ಆ ಮೊದಲ ಜಡ್ಡಿನಲ್ಲಿ ಹೆಣ ಎತ್ತಲು ಜನ ಸಿಗಲಿಲ್ಲ. ಮುಟ್ಟಿದರೆ ಸಾವು ಎಂದು ಹೆದರಿ ಹೆತ್ತ ಮಕ್ಕಳೇ ದೂರ ನಿಂತರು. ಆಗ ಮುಂದೆ ಬಂದವರು ಜಡ್ಡು ಗೆದ್ದವರು. ಗಂಡಸರು ಸಾಲದಾದಾಗ ಹೆಂಗಸರೇ ಹೆಗಲು ಕೊಟ್ಟರು, ಅದರಲ್ಲೂ ಗಂಡನನ್ನು ಕಳೆದುಕೊಂಡು ಎದ್ದ ಹೆಂಗಸರು. ಜಡ್ಡು ಹೋದ ಮೇಲೆ ಊರಿಗೆ ನಾಚಿಕೆಯಾಯಿತು. ತನ್ನ ತಾಯಿಯ ಹೆಣಕ್ಕೆ ನೀರು ಹಾಕಿದವಳನ್ನು ಮದುವೆ ಚಪ್ಪರದಲ್ಲಿ 'ಮುಂಡಿ, ಹಿಂದ ಕೂಡು' ಎನ್ನಲು ಯಾರಿಗೆ ಬಾಯಿ ಬಂದೀತು? ಗೆದ್ದ ಹೆಂಗಸು ವಿಧವೆಯಾದರೂ ಹಸಿರು ಬಳೆ ತೊಡಲಿ, ಕುಂಕುಮ ಹಚ್ಚಲಿ, ಅರಿಷಿಣಕ್ಕೆ ಮೊದಲ ಕೈ ಅವಳದೇ ಆಗಲಿ ಎಂದು ಹಿರಿಯರು ತೀರ್ಮಾನ ಮಾಡಿದರು. ಜನ ಅವರನ್ನು 'ಗೆದ್ದವ್ವ' ಎಂದು ಕರೆದರು. ಮುಂದೆ ಸರ್ಕಾರವೂ ಅದನ್ನೇ ಎತ್ತಿಕೊಂಡಿತು. ಜಡ್ಡು ಮರಳಿ ಬಂದರೆ ಆರೈಕೆಗೆ ಮೊದಲು ಹೋಗಬೇಕಾದವರು ಗೆದ್ದವರು. ಅವರ ಮೈಯ ನೆನಪು ಗಟ್ಟಿ ಇದೆಯೇ ಎಂದು ವರ್ಷಕ್ಕೊಮ್ಮೆ ಪೆಟ್ಟಿಗೆ ನೋಡಬೇಕು. ಪೆಟ್ಟಿಗೆಯ ಮುಂದೆ ಕೂರುವ ಕೆಲಸಕ್ಕೂ ಗೆದ್ದವರ ಮನೆಯ ಮಕ್ಕಳನ್ನೇ ತೆಗೆದುಕೊಂಡರು. ಗೆರೆ ದಾಟಿದವರಿಗೆ ಕೇಂದ್ರದ ಪಡಸಾಲೆಯಲ್ಲೇ ಬಳೆಗಾರ ಲಾಲಸಾಬ ಹೊಸ ಹಸಿರು ಬಳೆ ತೊಡಿಸುತ್ತಿದ್ದ. ಗೆರೆ ದಾಟದವರ ಬಳೆಯನ್ನು ಅಲ್ಲೇ ಕಟ್ಟೆಗೆ ಬಡಿದು ಒಡೆಯಬೇಕಿತ್ತು.

ಒಡೆಯುವ ಕೆಲಸವೂ ಲಾಲಸಾಬನದೇ. ಒಬ್ಬ ಹೆಂಗಸಿನ ಬಳೆಯನ್ನು ಎರಡನೇ ಸಲ ಒಡೆಯುವುದು ಎಂದರೇನು ಎಂದು ಅವನನ್ನೇ ಕೇಳಬೇಕು. ಅಂಥ ದಿನ ಅವನು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿರಲಿಲ್ಲ.

ಕಾಶವ್ವನ ಹಸಿರು ಮೊದಲೆಲ್ಲ ಪಟ್ಟಿಯ ತುದಿ ಮುಟ್ಟುತ್ತಿತ್ತು. ಬರಬರುತ್ತ ಇಳಿಯಿತು. ಒಂದು ವರ್ಷ ಗೆರೆಯ ಕೆಳಗೇ ನಿಂತುಬಿಟ್ಟಿತು. ದಾಕ್ಷಾಯಣಿ ಪಟ್ಟಿಯನ್ನೇ ನೋಡುತ್ತ ಕೂತಳು. ಹೊರಗೆ ಪಡಸಾಲೆಯಲ್ಲಿ ಕಾಶವ್ವ ಲಾಲಸಾಬನ ಜೊತೆ ಚೌಕಾಸಿ ಮಾಡುತ್ತಿದ್ದುದು ಕೇಳುತ್ತಿತ್ತು. "ಹೋದ ವರ್ಷದ್ದು ಬಿಗಿ ಆಗಿದ್ದೂ ಲಾಲಸಾಬ. ಈ ಸಲ ನನ್ನ ಕೈ ನೋಡಿ ಆರಿಸು, ನಿನ್ನ ಪೆಟಗಿ ನೋಡಿ ಅಲ್ಲ."

ಪಕ್ಕದ ಮೇಜಿನ ಯಮನೂರ ಎದ್ದು ಬಂದ. ಅವನೂ ಅವಳ ಹಾಗೆಯೇ ತಂತ್ರಜ್ಞ, ವಯಸ್ಸಿನಲ್ಲಿ ಚಿಕ್ಕವನು. ಪಟ್ಟಿ ನೋಡಿದ, ಅವಳ ಮುಖ ನೋಡಿದ.

"ಅಕ್ಕಾರ, ಇನ್ನೊಂದ ಹನಿ ತೊಗೋರಿ. ನಳಿಕಿ ಗೂಡಿನ್ಯಾಗ ಇಡೂಕಿಂತ ಮೊದಲ ಚೂರು ಮುಟಗ್ಯಾಗ ಹಿಡೀರಿ. ಬೆಚ್ಚಗಾದ್ರ ಕಣ ಚುರುಕ ಆಗ್ತಾವು."

"ಹಂಗ ಮಾಡಬಾರದಲ್ಲೋ."

"ಮಾಡಬಾರದು ಖರೆ. ಜಡ್ಡು ಬಂದು ಎಷ್ಟ ವರ್ಷ ಆತು? ಇನ್ನ ಬರೂದೂ ಇಲ್ಲ. ಯಾರಿಗೇನ ನಷ್ಟ ಹೇಳ್ರಿ." ಆಮೇಲೆ ದನಿ ತಗ್ಗಿಸಿ ಅಂದ, "ನಾ ಒಬ್ಬನ ಅಲ್ರಿ. ಎಲ್ಲಾ ಕೇಂದ್ರದಾಗೂ ತಮ್ಮ ತಮ್ಮವರಿಗೆ ಹಿಡಿತಾರ."

ದಾಕ್ಷಾಯಣಿ ನಳಿಕೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು. ಬೆಚ್ಚಗಾದ ರಕ್ತ ಗೆರೆ ದಾಟಿತು. ಅಂದು ಸಂಜೆ ಕಾಶವ್ವ ಹೊಸ ಬಳೆ ಗಲಗಲ ಅನ್ನಿಸುತ್ತ ರೊಟ್ಟಿ ಬಡಿದಳು. ದಾಕ್ಷಾಯಣಿಗೆ ತಾನು ಒಳ್ಳೆಯ ಕೆಲಸ ಮಾಡಿದೆ ಎಂದೇ ಅನ್ನಿಸಿತು. ಮುಂದಿನ ವರ್ಷವೂ ಹಿಡಿದಳು, ಅದರ ಮುಂದಿನ ವರ್ಷವೂ ಹಿಡಿದಳು. ಅಭ್ಯಾಸವಾಗಿಹೋಯಿತು.

ಅದರಿಂದ ಕೆಟ್ಟದ್ದೇನಾದರೂ ಆಯಿತೇ ಎಂದರೆ, ಆಗ ಏನೂ ಆಗಲಿಲ್ಲ. ಮಲ್ಲೇಶಿಯ ದೊಡ್ಡಪ್ಪನ ಮೊಮ್ಮಗಳ ಮದುವೆಯಲ್ಲಿ ಅರಿಷಿಣ ಹಚ್ಚಲು ಕಾಶವ್ವನನ್ನೇ ಮೊದಲು ಕರೆದರು. "ಬರ್ರಿ ಗೆದ್ದವ್ವಾರ, ನೀವು ಕೈ ಹಚ್ಚೂತನಕ ಹುಡುಗಿ ಹಂಗ ಕುಂತಾಳ" ಎಂದು ಬೀಗಿತ್ತಿ ಕೈಹಿಡಿದು ಎಬ್ಬಿಸಿದಳು. ಕಾಶವ್ವ ಹುಡುಗಿಯ ಗಲ್ಲಕ್ಕೆ ಅರಿಷಿಣ ಬಳಿದು, ಮಿಕ್ಕಿದ್ದನ್ನು ದಾಕ್ಷಾಯಣಿಯ ಮೂಗಿಗೂ ಬಳಿದಳು.

"ಯಾಕ ಬೇ ಹಂಗ ನೋಡಾಕತ್ತಿ? ನಾ ಹಚ್ಚಿದ್ರ ಬಣ್ಣ ಹೆಚ್ಚ ಏರತೈತಿ," ಎಂದು ನಕ್ಕಳು. ಚಪ್ಪರದ ಹಿಂದಿನ ಮೂಲೆಯಲ್ಲಿ ಬರಿಗೈಯ ಇಬ್ಬರು ಹೆಂಗಸರು ಕೂತಿದ್ದರು. ಹಿಂದಿನ ವರ್ಷ ಅವರ ಬಳೆ ಒಡೆದಿತ್ತು. ಅವರನ್ನು ಯಾರೂ ಏಳಿಸಲಿಲ್ಲ. ದಾಕ್ಷಾಯಣಿ ಅತ್ತ ನೋಡದೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಉಗುರುಜಡ್ಡು ಮರಳಿ ಬಂದಿದ್ದು ಜೋಳದ ಸುಗ್ಗಿಯ ಹೊತ್ತಿಗೆ. ಮೊದಲು ಪೇಟೆಯ ಹಮಾಲರಲ್ಲಿ, ಆಮೇಲೆ ಬಸ್‌ಸ್ಟ್ಯಾಂಡಿನ ಹೋಟೆಲುಗಳಲ್ಲಿ, ಆಮೇಲೆ ಎಲ್ಲ ಕಡೆ. ಊರ ಹೊರಗಿನ ಹತ್ತಿ ಗೋದಾಮುಗಳನ್ನು ಖಾಲಿ ಮಾಡಿ ಮಂಚ ಹಾಕಿದರು, ಸುತ್ತ ತಂತಿ ಬೇಲಿ ಹಾಕಿದರು. ಗೆದ್ದವರಿಗೆ ಕರೆ ಬಂತು. ಗಂಡಸರೂ ಹೋದರು, ಗೆದ್ದವ್ವಗಳೂ ಹೋದರು. ಕಾಶವ್ವ ಹೊರಟ ದಿನ ಓಣಿಯವರೆಲ್ಲ ಹೊಸ್ತಿಲಿಗೆ ಬಂದು ನಿಂತರು. ಯಮನೂರನ ತಾಯಿ ಹನಮವ್ವನೂ ಗಂಟು ಕಟ್ಟಿಕೊಂಡು ಜೊತೆಗೆ ಬಂದಿದ್ದಳು. ಮೊದಲ ಜಡ್ಡಿನಲ್ಲಿ ಇಬ್ಬರೂ ಒಂದೇ ಚಟ್ಟದ ಮುಂದಿನ ಎರಡು ಕೋಲು ಹೊತ್ತವರು.

"ಹಿಟ್ಟಿನ ಡಬ್ಬಿ ಮುಚ್ಚಳ ಸಡಲ ಆಗೇತಿ, ಇರಬಿ ಹೋಗ್ತಾವು, ನೋಡ್ಕೋ," ಎಂದು ಸೊಸೆಗೆ ಹೇಳಿ ಕಾಶವ್ವ ಜೀಪು ಹತ್ತಿದಳು. ದಾಕ್ಷಾಯಣಿಗೆ ಎದೆಯಲ್ಲಿ ಸಣ್ಣದೊಂದು ಅಳುಕು ಎದ್ದಿತು. ನೆನಪು ಅರ್ಧವಾದರೂ ಇದೆಯಲ್ಲ, ಇಲ್ಲದಿರುವುದಕ್ಕಿಂತ ಅರ್ಧ ಲೇಸಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕೇಂದ್ರದಲ್ಲಿ ಎಲ್ಲರೂ ಕಲಿತಿದ್ದು ಅದನ್ನೇ.

ಆ ಸಮಾಧಾನವನ್ನು ಮುರಿದವರು ಡಾಕ್ಟರ್ ರೆಹಾನಾ ಬಾಗವಾನ. ಕೇಂದ್ರದ ಮುಖ್ಯಸ್ಥೆ, ಮಾತು ಕಡಿಮೆ, ಚಹಾ ಜಾಸ್ತಿ. ಒಂದು ಬೆಳಿಗ್ಗೆ ಇಬ್ಬರು ತಂತ್ರಜ್ಞರನ್ನೂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಗಾಜಿನ ತಟ್ಟೆಗಳು ಸಾಲಾಗಿದ್ದವು. ತಟ್ಟೆಗಳಲ್ಲಿ ಜೀವಕೋಶಗಳನ್ನು ಬೆಳೆಸಿ ವೈರಾಣು ಬಿಟ್ಟಿದ್ದರು.

"ಬ್ಯಾರೆ ಜಿಲ್ಲಾದಾಗ ಗೆದ್ದವರು ಸಾಯಾಕತ್ತಾರ," ಅಂದರು. "ಎಲ್ಲಾರೂ ಅಲ್ಲ. ಕೆಲವರಿಗೆ ಏನೂ ಆಗೂದಿಲ್ಲ, ಒಂದ ಸೀನೂ ಇಲ್ಲ. ಕೆಲವರು ಮಾತ್ರ ಜ್ವರ ಬಂದು ಎರಡ ಮೂರ ದಿನದಾಗ ಹೋಗ್ತಾರ. ಹೊಸದಾಗಿ ಜಡ್ಡು ಬಂದವರಕಿಂತಾ ಜಲ್ದಿ. ಯಾಕ ಅಂತ ಇಲ್ಲೆ ನೋಡ್ರಿ."

ಮೊದಲ ತಟ್ಟೆಗೆ ಗಟ್ಟಿ ನೆನಪಿನವರ ರಕ್ತದ ನೀರು ಹಾಕಿದ್ದರು; ವೈರಾಣು ಸತ್ತಿತ್ತು. ಎರಡನೆಯದಕ್ಕೆ ಏನೂ ಹಾಕಿರಲಿಲ್ಲ. ವೈರಾಣು ಸಾಧಾರಣವಾಗಿ ಬೆಳೆದಿತ್ತು. ಮೂರನೆಯದಕ್ಕೆ ಅದೇ ಗಟ್ಟಿ ರಕ್ತದ ನೀರನ್ನು ತೆಳ್ಳಗೆ ಮಾಡಿ ಹಾಕಿದ್ದರು. ಆ ತಟ್ಟೆಯಲ್ಲಿ ಜೀವಕೋಶವೇ ಉಳಿದಿರಲಿಲ್ಲ, ಎಲ್ಲವನ್ನೂ ವೈರಾಣು ತಿಂದು ಹಾಕಿತ್ತು.

"ನೆನಪಿನ ಕಣಗೋಳು ಬಿಡೂ ಪ್ರತಿಕಾಯ ಸಾಕಷ್ಟಿದ್ರ ವೈರಾಣುವಿನ ಬಾಯಿ ಮುಚ್ಚತಾವು," ಬಾಗವಾನ ಮೇಡಂ ಬಿಡಿಸಿ ಹೇಳಿದರು. "ಕಡಿಮಿ ಇದ್ರ ಬರೇ ಅದರ ಮೈಗೆ ಅಂಟ್ಕೋತಾವು, ಬಾಯಿ ಮುಚ್ಚೂದಿಲ್ಲ. ಕಸ ನುಂಗೂ ಕಣಗೋಳು ಏನ ಮಾಡ್ತಾವು, ಇದನ್ನ ಯಾರೋ ನಮ್ಮವರು ಹಿಡದ ಕೊಟ್ಟಾರ ಅಂತ ನಂಬಿ ಒಳಗ ಕರಕೊಂತಾವು. ಪರಿಚಯದವರು ಅಂತ ಕಳ್ಳಗ ಬಾಗಲಾ ತಗದಂಗ. ಒಳಗ ಹೋದ ವೈರಾಣು ಅಲ್ಲೇ ಮರಿ ಹಾಕತೈತಿ. ಪೂರಾ ನೆನಪು ಕಾಯತೈತಿ, ಪೂರಾ ಮರವು ಆದ್ರ ನಸೀಬ. ಅರ್ಧ ನೆನಪು ಇದ್ದವರದು ಮಾತ್ರ ಮುಗೀತು."

ಚಹಾದ ಕಪ್ಪು ಎತ್ತಿ, ಕುಡಿಯದೆ ಕೆಳಗಿಟ್ಟರು. "ನನಗ ತಿಳೀಲಾರದ್ದು ಒಂದ. ಸತ್ತವರೆಲ್ಲಾ ಗೆರಿ ದಾಟಿದವರು. ಅರ್ಧ ನೆನಪಿನವರನ್ನ ನಾವು ಆರಿಸಿ ಹೊರಗಿಟ್ಟೀವಿ. ಮತ್ತ ಇವರು ಎಲ್ಲಿಂದ ಬಂದ್ರು?"

ಯಮನೂರ ನೆಲ ನೋಡುತ್ತಿದ್ದ. ದಾಕ್ಷಾಯಣಿ ಮೂರನೆಯ ತಟ್ಟೆಯನ್ನೇ ನೋಡುತ್ತ ನಿಂತಳು. ಹೇಳಿದರೆ ಕೆಲಸ ಹೋಗುತ್ತದೆ, ಜೈಲಾದರೂ ಆದೀತು. ಅದಕ್ಕಿಂತ ಹೆಚ್ಚಾಗಿ ಇಡೀ ಊರಿನ ಮುಂದೆ ಅತ್ತೆಯ ಬಳೆ ಒಡೆಯುತ್ತದೆ. ಅತ್ತೆಯೊಬ್ಬಳನ್ನು ಸದ್ದಿಲ್ಲದೆ ಹೊರಗೆ ತಂದರಾಯಿತು, ಉಳಿದದ್ದು ಆಮೇಲೆ ನೋಡಿಕೊಂಡರಾಯಿತು ಎಂದು ಲೆಕ್ಕ ಹಾಕಿದಳು. ಹೆದರಿದವರ ಲೆಕ್ಕ ಹೀಗೇ ಇರುತ್ತದೆ.

ಮಧ್ಯಾಹ್ನ ಬಿಸಿಲಲ್ಲೇ ಗೋದಾಮಿಗೆ ಹೋದಳು. ಬೇಲಿಯ ಆಚೆ ಕಾಶವ್ವ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈ ಸುಣ್ಣದ ನೀರಲ್ಲಿ ಬೆಳ್ಳಗಾಗಿತ್ತು.

"ಅತ್ತಿ, ಮನಿಗೆ ಬಾ. ನಿನ್ನ ಮಗಗ ಆರಾಮಿಲ್ಲ."

"ಏನಾಗೇತಿ ಮಲ್ಲೇಶಿಗೆ? ಉಗುರ ನೋಡಿದಿ?"

"ಉಗುರ... ಉಗುರ ಚೊಲೋ ಅದಾವು. ಹೊಟ್ಟಿ ಬ್ಯಾನಿ."

"ಹೊಟ್ಟಿ ಬ್ಯಾನಿಗೆ ಅಜವಾನ ಕುಡಸು. ಅದಕ್ಕ ನಾ ಬರಬೇಕೇನ?" ಕಾಶವ್ವ ನಕ್ಕಳು. "ಒಳಗ ಅರವತ್ತ ಮಂಚ ಅದಾವು ಬೇ. ನೀರ ಕುಡಸಾಕ ಕೈ ಸಾಲವಲ್ಲವು."

"ನಿನಗೂ ವಯಸ್ಸಾತು. ಏನಾರ ಆದ್ರ?"

"ನನಗೇನಾಗತೈತಿ? ನಾ ಗೆದ್ದಾಕಿ. ಪೆಟಗಿ ನೀನ ನೋಡೀದಿ, ನನ್ನ ಕೇಳ್ತಿ?"

ಆ ಕ್ಷಣದಲ್ಲಿ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಹನಮವ್ವ ಬಕೆಟ್ಟು ಹಿಡಿದು ಬಂದು, "ಏನವಾ ದಾಕ್ಷಿ, ನಮ್ಮ ಯಮನೂರ ಉಂಡಾನೋ ಇಲ್ಲೋ?" ಎಂದು ಕೇಳಿದಳು. ದಾಕ್ಷಾಯಣಿ ಉಂಡಾನ ಎಂದಳು. ಒಳಗಿಂದ ಯಾರೋ ನೀರಿಗಾಗಿ ನರಳಿದರು, ಇಬ್ಬರೂ ತಿರುಗಿ ಹೋದರು. ಮಾತು ಹಾಗೆಯೇ ಉಳಿಯಿತು.

ಮರುದಿನ ಅವಳು ಕೆಲಸಕ್ಕೆ ಹೋಗಿ ಸುಮ್ಮನೆ ಕೂತಳು. ನಾಳೆ ಮತ್ತೆ ಹೋಗಿ ಬೇರೆ ಏನಾದರೂ ನೆಪ ಹೇಳೋಣ ಎಂದುಕೊಂಡಳು. ಅದರ ಮರುದಿನ ಗೋದಾಮಿನಿಂದ ಫೋನು ಬಂತು. ಕಾಶವ್ವನಿಗೆ ಜ್ವರ, ಉಗುರು ಬಣ್ಣ ತಿರುಗಿದೆ.

ಫೋನು ಇಟ್ಟವಳೇ ನೇರ ಬಾಗವಾನ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಮುಷ್ಟಿಯಲ್ಲಿ ಹಿಡಿದದ್ದು, ಎಷ್ಟು ವರ್ಷದಿಂದ ಎಂಬುದು, ಎಲ್ಲ ಕೇಂದ್ರಗಳಲ್ಲೂ ಹೀಗೆ ನಡೆಯುತ್ತದೆ ಎಂಬುದು. ಯಮನೂರನ ಹೆಸರು ಮಾತ್ರ ಹೇಳಲಿಲ್ಲ. ಮೇಡಂ ಅಂದ ಮಾತನ್ನು ದಾಕ್ಷಾಯಣಿ ಮರೆಯುವಂತಿರಲಿಲ್ಲ.

"ಮೊನ್ನೆ ನಾ ಕೇಳಿದಾಗ ನೀವು ಇಲ್ಲೇ ನಿಂತಿದ್ರಿ."

ಕೂಡಲೇ ಎಲ್ಲ ಕೇಂದ್ರಗಳಿಗೆ ಸುದ್ದಿ ಹೋಯಿತು: ಬಿಸಿ ಮಾಡಿ ದಾಟಿಸಿದವರ ಹೆಸರು ಹೇಳಿ, ಶಿಕ್ಷೆ ಇಲ್ಲ, ಹೆಸರು ಸಾಕು. ಒಬ್ಬರೂ ಹೇಳಲಿಲ್ಲ. ನಮ್ಮಲ್ಲಿ ಅಂಥದ್ದು ನಡೆದೇ ಇಲ್ಲ ಎಂದರು. ಯಮನೂರನೂ ಕೈಕಟ್ಟಿ ನಿಂತು, "ದಾಕ್ಷಾಯಣಿ ಅಕ್ಕಾರ ಏನ್ ಮಾಡ್ಯಾರೋ ನನಗ ಗೊತ್ತಿಲ್ರಿ ಮೇಡಂ, ನಾ ಮಾತ್ರ ಮಾಡಿಲ್ಲ," ಎಂದ. ಅವನ ಮುಖದಲ್ಲಿ ಬೆವರು ಇಳಿಯುತ್ತಿತ್ತು.

"ಹಂಗಾರ ಎಲ್ಲಾರದೂ ಮತ್ತೊಮ್ಮೆ ನೋಡಬಾರದೇನ್ರಿ?" ದಾಕ್ಷಾಯಣಿ ಕೇಳಿದಳು.

"ಈಗ ನೋಡಿದ್ರ ಉಪಯೋಗ ಇಲ್ಲ. ಗೋದಾಮಿನ ಗಾಳಿ ಕುಡದವರ ಮೈ ಈಗಾಗಲೇ ಕೆರಳಿ ಎದ್ದಿರತೈತಿ. ಯಾರ ರಕ್ತ ಹಾಕಿದ್ರೂ ಹಸಿರು ತುದಿ ಮುಟ್ಟತೈತಿ. ಯಾರು ಮೊದಲ ಅರ್ಧ ಇದ್ರು ಅಂತ ಪೆಟಗಿ ಹೇಳೂದಿಲ್ಲ. ಹಿಡದ ಕೈಯ ಹೇಳಬೇಕು."

"ಎಲ್ಲಾ ಗೆದ್ದವರನ್ನೂ ಹೊರಗ ಕರದ್ರ?"

"ಒಳಗಿನ ಮಂದಿಗೆ ನೀರ ಕೊಡಾವರು ಯಾರು? ಖರೇ ಗಟ್ಟಿ ಇದ್ದವರೂ ಅವರೊಳಗ ಅದಾರಲ್ಲ." ಮೇಡಂ ಕಣ್ಣು ಒರೆಸಿಕೊಂಡರು. "ನಾ ಗೋದಾಮಿಗೆ ಹೇಳಿ ಕಳಿಸೀನಿ, ಅನುಮಾನ ಇದ್ದವರು ಹೊರಗ ಬರ್ರಿ ಅಂತ. ಯಾರೂ ಬರಲಿಲ್ಲ. ತಮ್ಮ ರಕ್ತಾ ತಮ್ಮ ಮಕ್ಕಳ ನೋಡ್ಯಾರ ಅಂತಾರ. ಅವರಿಗೆ ಅನುಮಾನ ಯಾಕ ಬರತೈತಿ?"

ಸಂಜೆ ದಾಕ್ಷಾಯಣಿಯನ್ನು ಮುಸುಕು ತೊಡಿಸಿ ಗೋದಾಮಿನೊಳಗೆ ಬಿಟ್ಟರು. ಕಾಶವ್ವ ತುದಿಯ ಮಂಚದಲ್ಲಿದ್ದಳು. ಉಗುರುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಉಸಿರು ಎಳೆದು ಎಳೆದು ಬರುತ್ತಿತ್ತು, ಪ್ರಜ್ಞೆ ಮಾತ್ರ ಚೆನ್ನಾಗಿತ್ತು.

"ಪೆಟಗಿ ಕೆಟ್ಟಿತ್ತೇನ ಬೇ?" ಎಂದು ಕೇಳಿದಳು. ಗೆದ್ದವಳಿಗೆ ಜಡ್ಡು ಹೇಗೆ ಬಂತು ಎಂದು ಅವಳು ಅಷ್ಟು ಹೊತ್ತೂ ಮಲಗಿ ಯೋಚಿಸಿದ್ದಳು.

"ಪೆಟಗಿ ಕೆಟ್ಟಿರಲಿಲ್ಲ ಅತ್ತಿ. ನಾ ಕೆಡಿಸಿದ್ನಿ." ದಾಕ್ಷಾಯಣಿ ಎಲ್ಲ ಹೇಳಿದಳು. ಅಂದಿನ ಬೇಲಿಯ ಮಾತನ್ನೂ ಹೇಳಿದಳು. ಹೇಳಿ ಮುಗಿದ ಮೇಲೆ ಅತ್ತೆಯ ಮುಖ ನೋಡಿದಳು. ಚಿಕ್ಕವಳಿದ್ದಾಗ ಹಾಲಿನ ಗಡಿಗೆ ಒಡೆದರೂ ಬೈಯದೆ ತಲೆ ಸವರಿದ ಮುಖ ಅದು. ಈಗಲೂ ಹಾಗೆಯೇ ಏನಾದರೂ ಅಂದಾಳು ಎಂದು ಒಳಗೊಳಗೇ ಆಸೆ ಇತ್ತು.

"ನನ್ನ ಯಾಕ ಕೇಳಲಿಲ್ಲ?" ಕಾಶವ್ವ ಅಂದಳು.

"ನಿನಗ ಬಳಿ ಅಂದ್ರ..."

"ಬೇಕಿದ್ದೂ. ಸುಳ್ಳ ಯಾಕ ಹೇಳ್ಲಿ, ಭಾಳ ಬೇಕಿದ್ದೂ. ಆದ್ರ ಜೀವಾ ಅದಕ್ಕಿಂತ ಹೆಚ್ಚ ಬೇಕಿತ್ತು. ಇನ್ನಾ ಹತ್ತ ವರ್ಷ ಬಾಳೂ ಮೈ ಇದು." ಕೆಮ್ಮು ಬಂತು. ತಡೆದುಕೊಂಡು ಮುಂದುವರಿಸಿದಳು. "ಒಮ್ಮೆ ಬಳಿ ಒಡಿಸಿಕೊಂಡು ಎದ್ದು ನಿಂತಾಕಿ ನಾ. ಇನ್ನೊಮ್ಮೆ ನಿಲ್ಲತಿದ್ದಿಲ್ಲೇನು? ಮೂಲ್ಯಾಗ ಕುಂತು ಮದವಿ ನೋಡತಿದ್ನಿ. ನಿನಗ ನಾಚಿಕಿ ಆಗತಿತ್ತು, ನಿಮ್ಮ ಅತ್ತಿ ಮೂಲ್ಯಾಗ ಕುಂತಾಳ ಅಂತ. ಅದಕ್ಕ ಹಿಡದಿ."

ದಾಕ್ಷಾಯಣಿ ಮಂಚದ ಕಾಲಿಗೆ ತಲೆ ಇಟ್ಟು ಅಳತೊಡಗಿದಳು.

"ಇಲ್ಲಿ ಅಳಬ್ಯಾಡ. ಹೊರಗ ಹೋಗಿ ಅಳು. ಬೇಲಿ ಹತ್ರ ನಿಂತು ಹೊಟ್ಟಿ ಬ್ಯಾನಿ ಅಂದಿಯಲ್ಲ ದಾಕ್ಷಿ. ಖರೇ ಹೇಳಿದ್ರ ಅವತ್ತ ನಿನ್ನ ಹಿಂದ ಬರತಿದ್ನಿ."

ಕಾಶವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಹನಮವ್ವ ಬಂದು ಅವಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, "ಏನೂ ಆಗೂದಿಲ್ಲ, ಗೆದ್ದಾಕಿ ನೀನು," ಎಂದು ಸಮಾಧಾನ ಹೇಳುತ್ತಿದ್ದಳು. ದಾಕ್ಷಾಯಣಿ ಆ ಹೆಂಗಸಿನ ಉಗುರು ನೋಡಿದಳು. ಇನ್ನೂ ಬೆಳ್ಳಗಿದ್ದವು.

ಬೆಳಗಾಗುವಷ್ಟರಲ್ಲಿ ಕಾಶವ್ವ ಹೋದಳು.

ಸೇವೆಯಲ್ಲಿ ಸತ್ತ ಗೆದ್ದವ್ವನನ್ನು ಮಣ್ಣು ಮಾಡುವುದೆಂದರೆ ಊರಿನ ಹಬ್ಬದಂಥ ಗೌರವ. ಗೋದಾಮಿನ ಮುಂದಿನ ಬಯಲಲ್ಲಿ ಹಸಿರು ಸೀರೆ ಉಡಿಸಿ ಹೆಣವನ್ನು ಚಟ್ಟದ ಮೇಲೆ ಕೂಡಿಸಿದ್ದರು. ಹೊರಲು ಗೆದ್ದವ್ವಗಳೇ ಬಂದು ನಿಂತಿದ್ದರು. ಮುಂದಿನ ಕೋಲಿಗೆ ಹನಮವ್ವ. ಊರವರು ಮುಖ ಕಟ್ಟಿಕೊಂಡು ದೂರದಲ್ಲಿ, ಅಡ್ಡ ಕಟ್ಟಿದ ಹಗ್ಗದ ಆಚೆ ಗುಂಪುಗೂಡಿದ್ದರು. ಇತರ ಊರುಗಳ ಕೇಂದ್ರದವರೂ ಬಂದಿದ್ದರು. ಗೆದ್ದವ್ವ ಹೋದರೆ ಬರುವುದು ಅವರ ರೂಢಿ. ಅವರ ಮನೆಯ ಹೆಂಗಸರೂ ಈ ಗೋದಾಮಿನಲ್ಲೋ ಬೇರೆ ಊರಿನ ಗೋದಾಮಿನಲ್ಲೋ ಹೀಗೇ ನೀರು ಕುಡಿಸುತ್ತಿದ್ದರು. ಯಮನೂರ ಗುಂಪಿನ ಹಿಂದೆ ನಿಂತಿದ್ದ.

ಸೊಸೆ ಉಡಿ ತುಂಬಬೇಕು. ದಾಕ್ಷಾಯಣಿ ಕೈಗವಸು ಹಾಕಿಕೊಂಡು ಬಂದು ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಹಾಕಿದಳು. ಹಾಕಿ ಏಳಲಿಲ್ಲ. ಅತ್ತೆಯ ಬಲಗೈ ಎತ್ತಿ ಹಿಡಿದು, ಪಕ್ಕದಲ್ಲಿ ಬಿದ್ದಿದ್ದ ಒಂದು ಕಲ್ಲು ತೆಗೆದುಕೊಂಡು ಮೊದಲ ಬಳೆಯನ್ನು ಒಡೆದಳು.

ಗುಂಪಿನಿಂದ ಹೋ ಎಂಬ ಸದ್ದು ಬಂತು. ಮಲ್ಲೇಶಿ ಓಡಿ ಬಂದು ಅವಳ ರಟ್ಟೆ ಹಿಡಿದ. "ಹುಚ್ಚ ಹಿಡದೈತೇನ ನಿನಗ? ನಮ್ಮವ್ವ ಮುತ್ತೈದಿಯಂಗ ಹೊಂಟಾಳ, ಆಕಿ ಬಳಿ ಒಡಿತಿ?"

"ಬಿಡ್ರಿ," ದಾಕ್ಷಾಯಣಿ ಕೈ ಕೊಸರಿಕೊಂಡಳು. ಎದ್ದು ನಿಂತು ಗುಂಪಿಗೆ ಕೇಳುವಂತೆ ಹೇಳಿದಳು. "ಈಕಿ ಗೆದ್ದಾಕಿ ಅಲ್ಲ. ಈಕಿ ನೆನಪು ಅರ್ಧ ಆಗಿ ಭಾಳ ವರ್ಷ ಆಗಿತ್ತು. ಈಕಿ ರಕ್ತಾ ನಾ ನನ್ನ ಮುಟಗ್ಯಾಗ ಹಿಡದು ಬಿಸಿ ಮಾಡಿ ಗೆರಿ ದಾಟಿಸೇನಿ. ಅರ್ಧ ನೆನಪು ಇದ್ದವರು ಇಲ್ಲೆ ಒಳಗ ಹೋದ್ರ ಸಾಯ್ತಾರ. ನನಗ ಅದು ತಿಳದ ಮ್ಯಾಲೂ ಎರಡ ದಿನಾ ಬಾಯಿ ಮುಚ್ಚಿಕೊಂಡಿದ್ನಿ. ನಾ ಕೊಂದೇನಿ ಈಕೀನ."

ಯಾರೋ ಮಣ್ಣಿನ ಹೆಂಟೆ ಎಸೆದರು, ಭುಜಕ್ಕೆ ತಾಗಿತು. ಯಾರೋ ಹೆಂಗಸು ಬಾಯಿಗೆ ಬಂದಂತೆ ಬೈಯತೊಡಗಿದಳು. ದಾಕ್ಷಾಯಣಿ ಮತ್ತೆ ಕೂತು, ಬೈಗುಳದ ನಡುವೆಯೇ ಉಳಿದ ಬಳೆಗಳನ್ನು ಒಡೆಯತೊಡಗಿದಳು. ಗಾಜಿನ ಚೂರು ಹಸಿರು ಸೀರೆಯ ಮೇಲೆ ಬಿದ್ದವು. ಅವಳು ಒಡೆಯುತ್ತಲೇ ಹೇಳಿದಳು, ಈಗ ಕೂಗಿ ಅಲ್ಲ, ಮಾತಾಡುವ ದನಿಯಲ್ಲಿ. "ನಾ ಒಬ್ಬಾಕೀನ ಅಲ್ಲ. ಇಲ್ಲೆ ನಿಂತವರೊಳಗ ಹಿಡದವರು ಅದಾರ. ನಿಮ್ಮ ಅವ್ವಗೋಳು ಇನ್ನಾ ನಿಂತಾರ. ನಂದು ಮುಗೀತು."

ಗದ್ದಲ ಒಮ್ಮೆಲೇ ಇಳಿಯಿತು. ಕೋಲು ಹಿಡಿದಿದ್ದ ಗೆದ್ದವ್ವಗಳು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬಳೂ ಗುಂಪಿನೊಳಗೆ ತನ್ನ ಮಗನನ್ನು, ತನ್ನ ಮಗಳನ್ನು, ತನ್ನ ಅಳಿಯನನ್ನು ಹುಡುಕತೊಡಗಿದಳು. ಹನಮವ್ವ ಯಮನೂರನನ್ನು ಕಂಡಳು. ಅವನನ್ನೇ ನೋಡುತ್ತ ನಿಂತಳು.

ಯಮನೂರನ ಮುಖಕ್ಕೆ ಕಟ್ಟಿದ ಬಟ್ಟೆ ಒದ್ದೆಯಾಗಿತ್ತು. ಅವನು ಗುಂಪು ಸರಿಸಿಕೊಂಡು ಬಂದ, ಹಗ್ಗ ದಾಟಿದ, ತಾಯಿ ಹಿಡಿದಿದ್ದ ಚಟ್ಟದ ಕೋಲನ್ನು ಅವಳ ಕೈಯಿಂದ ಬಿಡಿಸಿ ತಾನು ಹಿಡಿದುಕೊಂಡ.

"ನೀ ಇಲ್ಲಿಂದ ಹೋಗ ಬೇ ಯವ್ವಾ," ಅಂದ. "ಮನಿಗೆ ಹೋಗು."